ಡ್ರೈವರೂ ಇಲ್ಲ, ಹೊಗೆಯೂ ಇಲ್ಲ: ಅಷ್ಟು ಸಾಕಾ?

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2024ರ ಜೂನ್‌ನಿಂದ ವೇಮೋ ಟ್ಯಾಕ್ಸಿಯನ್ನ ಯಾರು ಬೇಕಾದ್ರೂ ಆ್ಯಪ್‌ನಲ್ಲಿ ಬುಕ್ ಮಾಡಬಹುದು. ಡ್ರೈವರ್ ಸೀಟ್ ಖಾಲಿ, ಸ್ಟೀರಿಂಗ್ ತಾನೇ ತಿರುಗುತ್ತೆ. ಅಲ್ಲಿ ಓಡಿದ್ದು ಎಲೆಕ್ಟ್ರಿಕ್ ಜಾಗ್ವಾರ್ ಐ-ಪೇಸ್, ಹೊಗೆಯಿಲ್ಲ. ಪರಿಸರಕ್ಕೆ ಇಷ್ಟು ಸಾಕಾ? ನನಗಂತೂ ಸಾಕು ಅನ್ಸಲ್ಲ.

ಒಬ್ಬರನ್ನ ಇಳಿಸಿ ಇನ್ನೊಬ್ಬರನ್ನ ಹತ್ತಿಸಿಕೊಳ್ಳೋವರೆಗೂ, ಚಾರ್ಜಿಂಗ್‌ಗೆ ಹೋಗುವಾಗಲೂ ಇದು ಖಾಲಿಯೇ ಓಡುತ್ತೆ. ತಲೆ ಮೇಲಿನ ಲೈಡಾರ್, ಕ್ಯಾಮೆರಾ, ಒಳಗಿನ ಕಂಪ್ಯೂಟರ್‌ಗೂ ಕರೆಂಟ್ ಬೇಕಲ್ವಾ? ಟೈರ್ ಸವೆದು ಏಳೋ ಧೂಳೂ ತಪ್ಪಲ್ಲ.

ಪೆಟ್ರೋಲ್ ಟ್ಯಾಕ್ಸಿ ಬದಲು ಇದನ್ನ ಹತ್ತಿದ್ರೆ ಲಾಭವೇ, ಒಪ್ತೀನಿ. ಆದರೆ ಬಸ್ ಬಿಟ್ಟು ಹತ್ತಿದ್ರೆ? ಅದೇ ಊರಲ್ಲಿ ಮುನಿ ಸಂಸ್ಥೆಯ ಟ್ರಾಲಿಬಸ್‌ಗಳು ಮೇಲಿನ ತಂತಿಯಿಂದ ಕರೆಂಟ್ ತಗೊಂಡು ಓಡ್ತವೆ. ಅವಕ್ಕೂ ಹೊಗೆಯಿಲ್ಲ, ಮೇಲಾಗಿ 40-50 ಜನ ಒಟ್ಟಿಗೇ ಹೋಗಬಹುದು. ಅಂದಹಾಗೆ, ಅದರಲ್ಲಿ ಡ್ರೈವರ್ ಕೆಲಸವೂ ಉಳಿದಿದೆ.