ಮೂರು ರಾಜ್ಯಗಳ ಕಾಡಿನಲ್ಲಿ ಒಂದು ನುಡಿ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವವರು ಮದ್ದೂರು ಚೆಕ್‌ಪೋಸ್ಟ್ ದಾಟಿದರೆ ಬಂಡೀಪುರದ ಕಾಡು. ಕಾಡು ಮುಗಿಯುವ ಮೊದಲೇ ಕೇರಳ. ದಕ್ಷಿಣಕ್ಕೆ ಮುದುಮಲೆ, ತಮಿಳುನಾಡು. ಮೈಸೂರು ಸಂಸ್ಥಾನ, ಮದ್ರಾಸ್ ಪ್ರಾಂತ್ಯ ಎಂದು ಮೊದಲೇ ಎರಡಾಗಿದ್ದ ಈ ಸೀಮೆ 1956ರ ನವೆಂಬರ್ 1ರಂದು ಮೂರಾಯಿತು. ನಮಗೆ ಏಕೀಕರಣವಾದ ದಿನ ಈ ಕಾಡಿನ ಬುಡಕಟ್ಟಾದ ಜೇನುಕುರುಬರಿಗೆ ವಿಭಜನೆಯ ದಿನ. ಇಲ್ಲಿ ಜೇನುಕುರುಬ, ಗಡಿಯಾಚೆಯ ಸರ್ಕಾರಿ ಕಾಗದಗಳಲ್ಲಿ ಕಾಟ್ಟುನಾಯ್ಕನ್. ಒಂದೇ ಜನರ ಮಕ್ಕಳು ಮೂರು ಕಡೆ ಮೂರು ಭಾಷೆಯ ಅಕ್ಷರ ತಿದ್ದಿದರು. ಮನೆಮಾತಿಗೆ ಎಲ್ಲಿಯೂ ಸ್ಲೇಟು ಸಿಗಲಿಲ್ಲ.

ಹಾಗೆಂದು ಈ ನುಡಿ ಸೊರಗಿದ್ದನ್ನೆಲ್ಲ ಶಾಲೆಯ ತಲೆಗೆ ಕಟ್ಟುವುದು ಸುಲಭದ ಉತ್ತರ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ಜೇನು ಕೀಳುವುದು, ಗೆಡ್ಡೆ ಅಗೆಯುವುದು, ಮರ ಗಿಡಗಳ ಗುರುತು ಹೇಳುವುದು, ಈ ನುಡಿ ದಿನನಿತ್ಯ ದುಡಿಯುತ್ತಿದ್ದುದು ಕಾಡಿನ ಈ ಕೆಲಸಗಳಲ್ಲಿ. ಹುಲಿ ಯೋಜನೆಯಿಂದ ಆ ಕೆಲಸ ಕೈತಪ್ಪಿದವರು ಕೊಡಗಿನ ಕಾಫಿ ತೋಟಗಳಿಗೆ, ವಯನಾಡಿನ ಕೂಲಿಗೆ ಹೊರಟರು. ಅಲ್ಲಿ ನಡೆಯುವುದು ಸಾಹುಕಾರನ ಮಾತು. ಇತ್ತ ಕರ್ನಾಟಕದಲ್ಲಿ ಪಡಿತರ ಚೀಟಿ, ಜಾತಿ ಪ್ರಮಾಣಪತ್ರ, ವಾಚರ್ ಕೆಲಸದ ಅರ್ಜಿ ಎಲ್ಲವೂ ಕನ್ನಡದಲ್ಲಿ. ಹಾಡಿಯ ತಾಯಿ ಮಗುವಿಗೆ ಮೊದಲು ಕನ್ನಡ ಬರಲಿ ಎಂದುಕೊಂಡರೆ ಅದು ತಿಳಿಗೇಡಿತನವಲ್ಲ, ಲೆಕ್ಕಾಚಾರ. ಮಕ್ಕಳನ್ನು ಇಂಗ್ಲಿಷ್ ಕಾನ್ವೆಂಟಿಗೆ ಕಳಿಸುವ ನಮಗೆ ಆಕೆಯನ್ನು ದೂರುವ ಯೋಗ್ಯತೆ ಎಲ್ಲಿದೆ?

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಕಾರಣವಿದೆ. ಜೇನುಕುರುಬರ ನುಡಿ ಕನ್ನಡಕ್ಕೆ ತೀರ ಹತ್ತಿರದ ದ್ರಾವಿಡ ನುಡಿ. ದೂರದ್ದಾಗಿದ್ದರೆ ಕಲಿಯಬೇಕಾದ ಬೇರೆ ಭಾಷೆ ಎಂದಾದರೂ ಮರ್ಯಾದೆ ಸಿಗುತ್ತಿತ್ತು. ಹತ್ತಿರದ್ದಾದ್ದರಿಂದ ಕೇಳಿದವರಿಗೆ ಅದು ಕೆಟ್ಟ ಕನ್ನಡ. ತಿದ್ದಿಸಿಕೊಳ್ಳುತ್ತ ತಿದ್ದಿಸಿಕೊಳ್ಳುತ್ತ ಮಗು ಯಾವಾಗ ಮನೆಮಾತು ಬಿಟ್ಟಿತೆಂಬುದು ಮನೆಯವರಿಗೂ ತಿಳಿಯದು. ಜೆಕ್ ವಿದ್ವಾಂಸ ಕಮಿಲ್ ಜ್ವೆಲೆಬಿಲ್ 1988ರಲ್ಲಿ ಈ ನುಡಿಯ ಮೇಲೆಯೇ ಒಂದು ವರದಿ ಬರೆದರು. ನಮ್ಮ ಜನಗಣತಿ ಮಾತ್ರ 2011ರಲ್ಲೂ ‘ಕುರುಬ/ಕುರುಂಬ’ ಎಂಬ ತಾಯ್ನುಡಿಯನ್ನು ಕನ್ನಡದ ಖಾತೆಗೇ ಜಮೆ ಮಾಡಿತು. ಗಡಿಯಲ್ಲಿ ಕನ್ನಡಕ್ಕೆ ಅನ್ಯಾಯವಾದಾಗ ಸಿಡಿದೇಳುವ ನಾವು ಈ ಜಮೆಯನ್ನು ಪ್ರಶ್ನಿಸಿದ್ದುಂಟೇ?

ರಾಜ್ಯಗಳ ಮರುವಿಂಗಡಣೆಗಾಗಿ 1956ರಲ್ಲಿ ತಂದ ಸಂವಿಧಾನದ 7ನೇ ತಿದ್ದುಪಡಿಯೇ 350ಎ ವಿಧಿಯನ್ನೂ ಸೇರಿಸಿತು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕು. ಗಡಿ ಎಳೆಯುವ ಅರ್ಧ ಕೂಡಲೇ ಜಾರಿಯಾಯಿತು. ಉಳಿದರ್ಧಕ್ಕೆ ದೊಡ್ಡ ಯೋಜನೆಯೇನೂ ಬೇಡ. ಗಿರಿಜನ ಆಶ್ರಮ ಶಾಲೆಯ ಒಂದನೇ ತರಗತಿಗೆ ಹಾಡಿಯವರನ್ನೇ ಒಬ್ಬರನ್ನು ಶಿಕ್ಷಕರಾಗಿ ನೇಮಿಸಿದರೆ ಆರಂಭಕ್ಕೆ ಸಾಕು.