ಇನ್ನೂರು ಗಂಟೆಯ ಆಚೆಗಿನ ಪಾಠ

ಶಿವಮೊಗ್ಗಕ್ಕೋ ಬೆಳಗಾವಿಗೋ ಹೊರಟ ಸಣ್ಣ ವಿಮಾನ ಹತ್ತುವಾಗ ಕಾಕ್‌ಪಿಟ್ ಕಡೆಗೆ ಒಮ್ಮೆ ಕಣ್ಣು ಹೋಗಿಯೇ ಹೋಗುತ್ತದೆ. ಎಡಗಡೆ ಸೀಟಿನಲ್ಲಿ ಕ್ಯಾಪ್ಟನ್, ಬಲಗಡೆ ಸೀಟಿನಲ್ಲಿ ಫಸ್ಟ್ ಆಫೀಸರ್. ಈ ಬಲಗಡೆಯವರು ಎಷ್ಟೋ ಸಲ ಇಪ್ಪತ್ತೈದು ದಾಟದ ಹುಡುಗ ಅಥವಾ ಹುಡುಗಿ. ‘ಇಷ್ಟು ಚಿಕ್ಕವರ ಕೈಗೆ ಕೊಟ್ಟಿದ್ದಾರಲ್ಲ’ ಎಂದು ಒಳಗೊಳಗೇ ಅಂದುಕೊಂಡವರೂ ಉಂಟು. ಆ ಸೀಟಿಗೆ ಬರುವ ಮೊದಲು ಅವರು ಏನೇನು ದಾಟಿ ಬಂದಿರುತ್ತಾರೆ ಎಂಬುದು ಪ್ರಯಾಣಿಕರಿಗೆ ಗೊತ್ತಿದ್ದರೆ ಒಳ್ಳೆಯದು. ಪೈಲಟ್ ಆಗಬೇಕೆಂದು ಹೊರಟಿರುವ ನಮ್ಮ ಊರುಗಳ ಮಕ್ಕಳಿಗಂತೂ ಗೊತ್ತಿರಲೇಬೇಕು.

2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಅಲಯನ್ಸ್ ಏರ್ ವಿಮಾನ ಹಾರುವುದರೊಂದಿಗೆ ಸಣ್ಣ ಊರುಗಳಿಗೂ ವಿಮಾನ ತಲುಪಿಸುವ ‘ಉಡಾನ್’ ಯೋಜನೆಯ ಹಾರಾಟ ಶುರುವಾಯಿತು. ಆಮೇಲೆ ಕರ್ನಾಟಕದ ನಕ್ಷೆಯೂ ಬದಲಾಯಿತು. 2019ರ ನವೆಂಬರ್‌ನಲ್ಲಿ ಕಲಬುರಗಿ, ಮರುವರ್ಷ ಬೀದರ್, 2023ರಲ್ಲಿ ಶಿವಮೊಗ್ಗ ವಿಮಾನ ಕಂಡವು. ಇಂಥ ಮಾರ್ಗಗಳಲ್ಲಿ ಹೆಚ್ಚಾಗಿ ಹಾರುವುದು ಐವತ್ತರಿಂದ ಎಂಬತ್ತು ಸೀಟಿನ ವಿಮಾನಗಳು. ಇಂಡಿಗೊ, ಅಲಯನ್ಸ್ ಏರ್ ಬಳಸುವ ಎಟಿಆರ್ 72, ಬೆಂಗಳೂರಿನ ಸ್ಟಾರ್ ಏರ್ ಬಳಸುವ ಎಂಬ್ರೇಯರ್ ಎಲ್ಲವೂ ಈ ಸಾಲಿಗೆ ಸೇರಿದವು. ಹೊಸ ಪೈಲಟ್‌ಗಳಲ್ಲಿ ಅನೇಕರ ವೃತ್ತಿ ಶುರುವಾಗುವುದು ಇವುಗಳಲ್ಲೇ.

ಗಂಟೆಗಳ ಲೆಕ್ಕ

ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆಯಲು 200 ಗಂಟೆ ಹಾರಾಟ ಸಾಕು. ಅದರಲ್ಲಿ ಬಹುಪಾಲು ಒಂದೇ ಎಂಜಿನ್ನಿನ ಪುಟ್ಟ ವಿಮಾನದ ಹಾರಾಟ. ಸೆಸ್ನಾ 172ರ ತೂಕ ಸುಮಾರು ಒಂದು ಟನ್, ಎಟಿಆರ್ 72ರದ್ದು ಪ್ರಯಾಣಿಕರೂ ಇಂಧನವೂ ಸೇರಿ ಸುಮಾರು 23 ಟನ್. ಅಮೆರಿಕದಲ್ಲಿ ವಿಮಾನಯಾನ ಸಂಸ್ಥೆಯ ಫಸ್ಟ್ ಆಫೀಸರ್ ಆಗಲು ಸಾಮಾನ್ಯವಾಗಿ 1,500 ಗಂಟೆ ಬೇಕು.

ಆ ನಿಯಮದ ಹಿಂದೆ ಒಂದು ದುರಂತವಿದೆ. 2009ರ ಫೆಬ್ರುವರಿ 12ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಬಫಲೊ ಬಳಿ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಸಂಸ್ಥೆಯ ವಿಮಾನ ಮನೆಯೊಂದರ ಮೇಲೆ ಬಿದ್ದು 50 ಮಂದಿ ಸತ್ತರು. ವೇಗ ಕುಸಿದು, ರೆಕ್ಕೆ ಎತ್ತುಬಲ ಕಳೆದುಕೊಳ್ಳುತ್ತಿದೆ ಎಂದು ಕಂಟ್ರೋಲ್ ಕಾಲಮ್ ನಡುಗಿ ಎಚ್ಚರಿಸಿದಾಗ ಮೂಗನ್ನು ತಗ್ಗಿಸಬೇಕಿತ್ತು. ಕ್ಯಾಪ್ಟನ್ ಆ ಕಾಲಮ್ ಅನ್ನು ತಮ್ಮ ಕಡೆಗೇ ಎಳೆದರು. ಸತ್ತವರ ಕುಟುಂಬಗಳು ವಾಷಿಂಗ್ಟನ್ನಿನಲ್ಲಿ ಪಟ್ಟು ಹಿಡಿದು ನಿಂತು 2010ರಲ್ಲಿ ಹೊಸ ಕಾಯ್ದೆ ಬರುವಂತೆ ಮಾಡಿದವು. ಆದರೆ ಆ ಇಬ್ಬರೂ ಪೈಲಟ್‌ಗಳಿಗೆ 1,500 ಗಂಟೆಗಿಂತ ಹೆಚ್ಚಿನ ಅನುಭವ ಇದ್ದೇ ಇತ್ತು. ಗಂಟೆಗಳ ಸಂಖ್ಯೆಯೊಂದೇ ಯಾರನ್ನೂ ಕಾಯುವುದಿಲ್ಲ. ಆ ಗಂಟೆಗಳಲ್ಲಿ ಏನನ್ನು, ಹೇಗೆ ಕಲಿಸಿದರು ಎಂಬುದೇ ಮುಖ್ಯ. 200 ಗಂಟೆಗೇ ಬಾಗಿಲು ತೆರೆಯುವ ನಮ್ಮ ದೇಶದಲ್ಲಿ ವಿಮಾನಯಾನ ಸಂಸ್ಥೆ ಕೊಡುವ ತರಬೇತಿಯೇ ನಿಜವಾದ ಪಾಠಶಾಲೆ.

ಕಾಗದದ ಕಾಕ್‌ಪಿಟ್

ಕೆಲಸ ಸಿಕ್ಕ ಹೊಸಬರು ಮೊದಲು ಹೋಗುವುದು ತರಗತಿಗೆ. ವಿಮಾನದ ವಿದ್ಯುತ್ತು, ಹೈಡ್ರಾಲಿಕ್, ಇಂಧನ, ಕ್ಯಾಬಿನ್ ಒತ್ತಡ, ಪ್ರೊಪೆಲ್ಲರ್ ಹೀಗೆ ಒಂದೊಂದು ವ್ಯವಸ್ಥೆಯನ್ನೂ ಬಿಡಿಸಿ ಓದಬೇಕು. ಜೊತೆಗೆ ಅಪಾಯಕಾರಿ ಸರಕುಗಳ ನಿಯಮ, ಭದ್ರತೆ, ಮಳೆಗಾಲದ ಹಾರಾಟ, ತುರ್ತು ಸಂದರ್ಭದಲ್ಲಿ ಜನರನ್ನು ಇಳಿಸುವುದು, ಬೆಂಕಿ ನಂದಿಸುವುದು, ಲೈಫ್ ಜಾಕೆಟ್ ತೊಟ್ಟು ನೀರಿಗಿಳಿಯುವುದು. ಪುಸ್ತಕದ ರಾಶಿ ಕಂಡು ಎದೆಗುಂದುವವರೇ ಹೆಚ್ಚು. ಪರೀಕ್ಷೆಗೆ ಉರು ಹೊಡೆದವರು ಸಿಮ್ಯುಲೇಟರಿನಲ್ಲಿ ತಡಕಾಡುತ್ತಾರೆ. ‘ಈ ದೀಪ ಹತ್ತಿತೆಂದರೆ ಒಳಗೆ ಏನಾಯಿತು’ ಎಂದು ಕೇಳಿಕೊಂಡು ಓದಿದವರಿಗೆ ಅಲ್ಲಿ ಹಾದಿ ಸುಗಮ.

ಸಂಜೆ ಹಾಸ್ಟೆಲ್ ಕೋಣೆಯ ಗೋಡೆಗೆ ಕಾಕ್‌ಪಿಟ್ಟಿನ ದೊಡ್ಡ ಚಿತ್ರ ಅಂಟಿಸಿಕೊಂಡು, ಎದುರು ಎರಡು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಚಿತ್ರದ ಮೇಲಿನ ಸ್ವಿಚ್ಚುಗಳನ್ನು ಕ್ರಮವಾಗಿ ಬೆರಳಿನಿಂದ ಮುಟ್ಟುತ್ತಾ, ಚೆಕ್‌ಲಿಸ್ಟ್ ಓದುತ್ತಾ, ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುತ್ತಾ ಗಂಟೆಗಟ್ಟಲೆ ಅಭ್ಯಾಸ. ಸಿಮ್ಯುಲೇಟರಿನ ಸಮಯ ಬಲು ದುಬಾರಿ, ಅಲ್ಲಿ ಹೋಗಿ ಸ್ವಿಚ್ಚು ಎಲ್ಲಿದೆಯೆಂದು ಹುಡುಕುತ್ತಾ ಕೂರುವಂತಿಲ್ಲ. ಕಾಗದದ ಮುಂದೆ ಕೈ ಪಳಗಿಸಿಕೊಂಡವರಿಗೆ ಅಲ್ಲಿ ತಲೆ ಖಾಲಿ ಇರುತ್ತದೆ, ಯೋಚಿಸಲು ಆಗುತ್ತದೆ.

ಒಬ್ಬರಲ್ಲ, ಇಬ್ಬರು

ಸಿಮ್ಯುಲೇಟರ್ ಪಾಳಿ ಸಾಮಾನ್ಯವಾಗಿ ನಾಲ್ಕು ಗಂಟೆಯದು. ಒಬ್ಬ ಅಭ್ಯರ್ಥಿ ಎರಡು ಗಂಟೆ ಹಾರಿಸಿದರೆ ಇನ್ನೊಬ್ಬರು ಪಕ್ಕದಲ್ಲಿ ಕೂತು ನಿಗಾ ಇಡಬೇಕು, ಆಮೇಲೆ ಅದಲುಬದಲು. ಯಂತ್ರಕ್ಕೆ ಹಗಲು ರಾತ್ರಿ ಬಿಡುವಿಲ್ಲದ ಕಾರಣ ಬೆಳಗಿನ ಜಾವ ಎರಡು ಗಂಟೆಯ ಪಾಳಿ ಬಂದರೂ ಅಚ್ಚರಿಯಿಲ್ಲ. ಹಾರುವ ಮುಂಚೆ ಒಂದು ಗಂಟೆಯಷ್ಟು ವಿವರಣೆ, ಮುಗಿದ ಮೇಲೆ ವಿಮರ್ಶೆ.

ಇಲ್ಲಿ ಹೊಸಬರಿಗೆ ಅತಿ ಕಷ್ಟವಾಗುವುದು ವಿಮಾನ ಹಾರಿಸುವುದಲ್ಲ, ಇಬ್ಬರಾಗಿ ಹಾರಿಸುವುದು. ತರಬೇತಿ ಶಾಲೆಯಲ್ಲಿ ಒಬ್ಬರೇ ಹಾರಿ ಸೈ ಎನಿಸಿಕೊಂಡವರು ಇಲ್ಲಿ ಪ್ರತಿ ಕೆಲಸವನ್ನೂ ಬಾಯಿಬಿಟ್ಟು ಹೇಳಿ, ಇನ್ನೊಬ್ಬರ ಒಪ್ಪಿಗೆ ಪಡೆದು ಮಾಡಬೇಕು. ಟೇಕಾಫ್ ಆಗುತ್ತಿದ್ದಂತೆ ಒಂದು ಎಂಜಿನ್ ಕೈಕೊಟ್ಟಿತು ಎನ್ನಿ. ಎಟಿಆರ್‌ನಲ್ಲಿ ಒಂದು ಸ್ವಯಂಚಾಲಿತ ವ್ಯವಸ್ಥೆಯಿದೆ. ಸತ್ತ ಎಂಜಿನ್ನಿನ ಪ್ರೊಪೆಲ್ಲರ್ ಅಲಗುಗಳನ್ನು ಅದು ಗಾಳಿಗೆ ತಡೆಯಾಗದಂತೆ ತಿರುಗಿಸುತ್ತದೆ (ಇದಕ್ಕೆ ‘ಫೆದರ್’ ಎನ್ನುತ್ತಾರೆ), ಬದುಕಿರುವ ಎಂಜಿನ್ನಿನ ಶಕ್ತಿ ಏರಿಸುತ್ತದೆ. ಪೈಲಟ್ ಮಾಡಬೇಕಾದದ್ದು ರಡ್ಡರ್ ಒತ್ತಿ ವಿಮಾನವನ್ನು ನೇರ ಹಿಡಿಯುವುದು, ವೇಗ ಕಾಯುವುದು, ಸುರಕ್ಷಿತ ಎತ್ತರಕ್ಕೆ ಏರುವುದು. ಆಮೇಲಷ್ಟೇ ಲಿವರ್ ಮುಟ್ಟುವ ಮಾತು. ಒಬ್ಬರು ಲಿವರ್ ಮೇಲೆ ಕೈಯಿಟ್ಟು ‘ಎರಡನೇ ಎಂಜಿನ್, ಕನ್ಫರ್ಮ್?’ ಎನ್ನಬೇಕು. ಇನ್ನೊಬ್ಬರು ಕಣ್ಣಾರೆ ನೋಡಿ ‘ಕನ್ಫರ್ಮ್’ ಎಂದ ಮೇಲೆಯೇ ಅದು ಕದಲಬೇಕು. ಬೋಧಕರು ಇದನ್ನು ಬೇಸರ ಬರುವಷ್ಟು ಸಲ ಮಾಡಿಸುತ್ತಾರೆ.

ಏಕೆಂದು ತೈವಾನ್ ಹೇಳುತ್ತದೆ. 2015ರ ಫೆಬ್ರುವರಿ 4ರಂದು ತೈಪೆಯಿಂದ ಹೊರಟ ಟ್ರಾನ್ಸ್‌ಏಷ್ಯಾ ಸಂಸ್ಥೆಯ ಎಟಿಆರ್ 72ರ ಎರಡನೇ ಎಂಜಿನ್ನಿನ ಪ್ರೊಪೆಲ್ಲರ್ ತಾನಾಗಿಯೇ ಫೆದರ್ ಆಯಿತು. ಗಾಬರಿಯಲ್ಲಿ ಕ್ಯಾಪ್ಟನ್ ಸರಿಯಿದ್ದ ಒಂದನೇ ಎಂಜಿನ್ನಿನ ಲಿವರನ್ನು ಹಿಂದಕ್ಕೆ ಎಳೆದು, ಕೊನೆಗೆ ಅದನ್ನೇ ಆರಿಸಿಬಿಟ್ಟರು. ತಪ್ಪು ತಿಳಿಯುವ ಹೊತ್ತಿಗೆ ವಿಮಾನ ಸೇತುವೆಗೆ ತಗುಲಿ ನದಿಗೆ ಬಿತ್ತು. 58 ಜನರಲ್ಲಿ 43 ಮಂದಿ ಉಳಿಯಲಿಲ್ಲ. ಅದೇ ಕ್ಯಾಪ್ಟನ್ ಹಿಂದಿನ ವರ್ಷ ಬಡ್ತಿಯ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದರು ಎಂಬುದು ತನಿಖಾ ವರದಿಯಲ್ಲಿದೆ. ಕಂಡ ದೌರ್ಬಲ್ಯವನ್ನು ಪೂರ್ತಿ ತಿದ್ದದೆ ಮುಂದಕ್ಕೆ ಕಳುಹಿಸುವ ತರಬೇತಿಗೆ ಬೆಲೆ ತೆರುವವರು ಪ್ರಯಾಣಿಕರು.

ಅನುಭವಿಗಳ ಕೈಯೂ ತಪ್ಪುತ್ತದೆ. 2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಯೇತಿ ಏರ್‌ಲೈನ್ಸ್ ವಿಮಾನ ಇಳಿಯಲು ತಿರುಗುತ್ತಿತ್ತು. ಫ್ಲಾಪ್ ಇಳಿಸಲು ಕೇಳಿದಾಗ ಬೋಧಕರೇ ಆಗಿದ್ದ ಕ್ಯಾಪ್ಟನ್ನರ ಕೈ ಪಕ್ಕದಲ್ಲಿದ್ದ, ಪ್ರೊಪೆಲ್ಲರ್ ನಿಯಂತ್ರಿಸುವ ಕಂಡೀಶನ್ ಲಿವರ್‌ಗಳಿಗೆ ಹೋಯಿತು. ಎರಡೂ ಪ್ರೊಪೆಲ್ಲರ್ ಫೆದರ್ ಆಗಿ ವಿಮಾನ ಶಕ್ತಿ ಕಳೆದುಕೊಂಡಿತು. ಇಬ್ಬರಿಗೂ ಅದು ಸಕಾಲದಲ್ಲಿ ಗಮನಕ್ಕೆ ಬರಲಿಲ್ಲ, 72 ಮಂದಿಯೂ ಸತ್ತರು. ‘ನೋಡು, ಹೇಳು, ಮುಟ್ಟು, ಮತ್ತೆ ನೋಡು’ ಎಂದು ಬೋಧಕರು ಹಟ ಹಿಡಿಯುವುದು ಸುಮ್ಮನೆ ಅಲ್ಲ. ಹಿರಿಯರ ಕೈ ತಪ್ಪು ಕಡೆಗೆ ಹೋದಾಗ ‘ಸರ್, ಅದಲ್ಲ’ ಎಂದು ಜೋರಾಗಿ ಹೇಳಲು ಕಿರಿಯರಿಗೆ ಕಲಿಸುವುದೂ ತರಬೇತಿಯ ಭಾಗವೇ. ಹಿರಿಯರಿಗೆ ಎದುರಾಡಬಾರದು ಎಂದು ಬೆಳೆಸಿದ ನಮ್ಮ ಮಕ್ಕಳಿಗೆ ಇದು ತುಸು ಕಷ್ಟದ ಪಾಠ. ಅದಕ್ಕೇ ಹೆಚ್ಚು ಅಭ್ಯಾಸ ಬೇಕು.

ಆಕಾಶದಲ್ಲಿ ಉಳಿದ ಪಾಠ

ಪರೀಕ್ಷಕರ ಮುಂದೆ ಸಿಮ್ಯುಲೇಟರ್ ಪರೀಕ್ಷೆ ಪಾಸಾದರೆ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ ಸಿಗುತ್ತದೆ. ಆದರೂ ಕಲಿಕೆ ಮುಗಿಯುವುದಿಲ್ಲ. ಮುಂದೆ ಪ್ರಯಾಣಿಕರಿರುವ ವಿಮಾನದಲ್ಲಿ ತರಬೇತಿ ಕ್ಯಾಪ್ಟನ್ ಪಕ್ಕದಲ್ಲಿ ಕೂತು ಹಾರುವ ಹಂತ. ಆರಂಭದ ಹಾರಾಟಗಳಲ್ಲಿ ಹಿಂದಿನ ಜಂಪ್ ಸೀಟಿನಲ್ಲಿ ಸೇಫ್ಟಿ ಪೈಲಟ್ ಆಗಿ ಇನ್ನೊಬ್ಬ ಪೈಲಟ್ ಕೂಡ ಇರುತ್ತಾರೆ. ಕೊನೆಗೆ ಒಂದು ಪರೀಕ್ಷಾ ಹಾರಾಟ, ಅದರಲ್ಲಿ ತೇರ್ಗಡೆಯಾದ ಮೇಲಷ್ಟೇ ಮಾಮೂಲಿ ಡ್ಯೂಟಿ.

ಪ್ರಾದೇಶಿಕ ಹಾರಾಟದ ನಿಜವಾದ ರುಚಿ ಸಿಗುವುದು ಇಲ್ಲೇ. ದೊಡ್ಡ ವಿಮಾನದ ಪೈಲಟ್ ದಿನಕ್ಕೆ ಒಂದೆರಡು ಸಲ ಇಳಿದರೆ ಇವರು ನಾಲ್ಕೈದು ಸಲ ಇಳಿಯಬೇಕಾಗಬಹುದು. ನಿಲ್ದಾಣದಲ್ಲಿ ನಿಲ್ಲುವುದು ಅರ್ಧ ಗಂಟೆಯೂ ಇಲ್ಲ. ಅಷ್ಟರಲ್ಲಿ ಇಂಧನ, ತೂಕದ ಲೆಕ್ಕ, ಹವಾಮಾನ, ಮುಂದಿನ ಮಾರ್ಗ ಎಲ್ಲವೂ ಆಗಬೇಕು. ಜೆಟ್‌ಗಳು ಮೋಡದ ಮೇಲೆ ಹೋದರೆ ಎಟಿಆರ್ ಹೆಚ್ಚಾಗಿ ಇಪ್ಪತ್ತು ಸಾವಿರ ಅಡಿಯ ಆಸುಪಾಸಿನಲ್ಲಿ, ಮೋಡದ ನಡುವೆಯೇ ಹಾರುತ್ತದೆ. ರೆಕ್ಕೆಗೆ ಮಂಜುಗಡ್ಡೆ ಕಟ್ಟುವ ಅಪಾಯ ಇರುವುದೂ ಅಲ್ಲೇ. 1994ರಲ್ಲಿ ಅಮೆರಿಕದ ರೋಸ್‌ಲಾನ್ ಬಳಿ ಎಟಿಆರ್ ವಿಮಾನವೊಂದು ಹೀಗೆ ಬಿದ್ದು 68 ಜನ ಸತ್ತ ಮೇಲೆ ಮಂಜು ಒಡೆಯುವ ಸಾಧನವನ್ನೂ ಹಾರಾಟದ ನಿಯಮಗಳನ್ನೂ ಬದಲಿಸಲಾಯಿತು.

ಸಣ್ಣ ನಿಲ್ದಾಣಗಳಲ್ಲಿ ಕೆಲವಕ್ಕೆ ಐಎಲ್ಎಸ್, ಅಂದರೆ ರೇಡಿಯೊ ಸಂಕೇತದಿಂದ ಇಳಿಯುವ ದಾರಿ ತೋರುವ ವ್ಯವಸ್ಥೆ ಇಲ್ಲ. ಮಂಗಳೂರಿನಂಥ ಟೇಬಲ್‌ಟಾಪ್ ರನ್‌ವೇ ಮೇಲೆ ಆಷಾಢದ ಮಳೆಗಾಳಿಯಲ್ಲಿ ಇಳಿಯುವುದು ಬೇರೆಯದೇ ಪರೀಕ್ಷೆ. 2010ರ ಮೇ 22ರಂದು ಅಲ್ಲಿ ನಡೆದ ವಿಮಾನ ದುರಂತದಲ್ಲಿ 158 ಜನರನ್ನು ಕಳೆದುಕೊಂಡ ನೆನಪು ಕರಾವಳಿಯವರಿಗೆ ಇನ್ನೂ ಮಾಸಿಲ್ಲ. ಇಳಿಯುವಾಗ ಮೋಡವಿದ್ದರೆ ಸಾವಿರ ಅಡಿಯಲ್ಲಿ, ನೋಟ ತಿಳಿಯಾಗಿದ್ದರೆ ಐನೂರು ಅಡಿಯಲ್ಲಿ ವೇಗ, ಎತ್ತರ, ದಿಕ್ಕು ಎಲ್ಲವೂ ಸ್ಥಿರವಾಗಿರಬೇಕು. ಇಲ್ಲದಿದ್ದರೆ ಮರುಮಾತಿಲ್ಲದೆ ಗೋ-ಅರೌಂಡ್, ಅಂದರೆ ಮೇಲೇರಿ ಮತ್ತೊಮ್ಮೆ ಪ್ರಯತ್ನ. ಹಾಗೆ ಮೇಲೇರಿದ ಪೈಲಟ್‌ಗೆ ಶಿಕ್ಷೆಯಿಲ್ಲ ಎಂಬುದು ವಿಮಾನಯಾನ ಒಪ್ಪಿಕೊಂಡಿರುವ ನೀತಿ.

ಹಣ, ನಿದ್ದೆ ಮತ್ತು ಪ್ರಶ್ನೆಗಳು

ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಶಾಲೆಯಿಂದ ಹಿಡಿದು ಹೊರದೇಶದ ಅಕಾಡೆಮಿಗಳವರೆಗೆ ಲೈಸೆನ್ಸ್ ಪಡೆಯುವ ದಾರಿಗಳು ಹಲವು. ಎಲ್ಲ ಕಡೆಯೂ ಲಕ್ಷಗಟ್ಟಲೆ ಖರ್ಚು, ಅನೇಕರಿಗೆ ಅದರ ಮೇಲೆ ಟೈಪ್ ರೇಟಿಂಗ್ ಖರ್ಚು ಬೇರೆ. ಹೊಲ ಅಡ ಇಟ್ಟು, ಮನೆ ಮೇಲೆ ಸಾಲ ಮಾಡಿ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಸಹಿ ಹಾಕುವ ಮೊದಲು ಕೆಲವು ವಿಷಯ ಕೇಳಲೇಬೇಕು. ತರಬೇತಿಯ ಖರ್ಚು ಯಾರದು? ಬಾಂಡ್ ಎಷ್ಟು ವರ್ಷದ್ದು? ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಹೆಚ್ಚುವರಿ ಸಿಮ್ಯುಲೇಟರ್ ಪಾಠ ಸಿಗುತ್ತದೆಯೇ? ಕಾಯುವ ತಿಂಗಳುಗಳಲ್ಲಿ ಸಂಬಳ ಇದೆಯೇ? ಇವಕ್ಕೆ ಉತ್ತರ ಕಾಗದದ ಮೇಲೆ ಇರಬೇಕು, ಬಾಯಿಮಾತು ಸಾಲದು.

ಸೇರಿದ ಮೇಲೂ ಪರೀಕ್ಷೆ ಮುಗಿಯದು. ವರ್ಷಕ್ಕೆ ಎರಡು ಸಲ ಸಿಮ್ಯುಲೇಟರಿನಲ್ಲಿ ಸಾಮರ್ಥ್ಯ ಪರೀಕ್ಷೆ, ಕಾಲಕಾಲಕ್ಕೆ ವೈದ್ಯಕೀಯ ತಪಾಸಣೆ, ಡ್ಯೂಟಿಗೆ ಮೊದಲು ಉಸಿರಿನ ಪರೀಕ್ಷೆ. ಎಲ್ಲಕ್ಕಿಂತ ದೊಡ್ಡ ಶಿಸ್ತು ನಿದ್ದೆಯದು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ 36 ಗಂಟೆಯಿಂದ 48 ಗಂಟೆಗೆ ಏರಿಸಿ 2025ರಿಂದ ಜಾರಿಗೆ ತಂದಿತು. ಅದನ್ನು ಸಡಿಲಿಸುವ ಒತ್ತಡ ಯಾವ ಕಡೆಯಿಂದ ಬಂದರೂ ಒಪ್ಪಬಾರದು. ದಣಿದ ಕೈಗೆ ಕಲಿತ ಪಾಠ ನೆನಪಾಗುವುದಿಲ್ಲ.

ಕಡಿಮೆ ಸೀಟು, ಕಡಿಮೆ ದೂರ, ಸಣ್ಣ ಊರು ಎಂಬ ಕಾರಣಕ್ಕೆ ತರಬೇತಿಯ ದಿನಗಳನ್ನು ಯಾರೂ ಕಡಿತ ಮಾಡಬಾರದು. ಬೀದರಿನ ಪ್ರಯಾಣಿಕರ ಜೀವಕ್ಕೆ ದುಬೈ ಪ್ರಯಾಣಿಕರ ಜೀವದಷ್ಟೇ ಬೆಲೆಯಿದೆ. ನಿಮ್ಮ ವಿಮಾನ ಇನ್ನೇನು ನೆಲ ಮುಟ್ಟಿತು ಎನ್ನುವಾಗ ಮತ್ತೆ ಮೇಲೇರಿದರೆ, ಸಿಬ್ಬಂದಿಯ ವಿಶ್ರಾಂತಿಗೆಂದು ತಡವಾದರೆ ದಯವಿಟ್ಟು ಸಿಡುಕಬೇಡಿ. ಒಳ್ಳೆಯ ತರಬೇತಿ ಪಡೆದ ಇಬ್ಬರು ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾರೆ ಎಂದೇ ತಿಳಿಯಿರಿ.