ಕರುಣೆಯೂ ಒಂದು ಸಾಧನೆ

ವಿದ್ಯಾರಣ್ಯರ ಹೆಸರನ್ನು ಹೊತ್ತ, ಬೆಂಗಳೂರಿನ ಉತ್ತರ ದಿಕ್ಕಿನ ಈ ಬಡಾವಣೆಯಲ್ಲಿ ಕುಳಿತು ಬುದ್ಧನ ಮಾತನ್ನು ಎತ್ತುವುದು ಮೊದಲ ನೋಟಕ್ಕೆ ಅಸಂಗತವೆಂದು ತೋರಬಹುದು. ಆದರೆ ಆ ಮಹನೀಯರ ಹೆಸರಿನೊಡನೆ ಪರಂಪರೆಯು ಕೂಡಿಸಿಕೊಂಡು ಬಂದಿರುವ ‘ಸರ್ವದರ್ಶನಸಂಗ್ರಹ’ವನ್ನು ತೆರೆದು ನೋಡಿದವರಿಗೆ ಆ ಸಂದೇಹ ಉಳಿಯದು. ಚಾರ್ವಾಕ ಮತವನ್ನು ನಿರೂಪಿಸಿದೊಡನೆಯೇ ಗ್ರಂಥಕಾರನು ಬೌದ್ಧದರ್ಶನಕ್ಕೆ ಒಂದು ಅಧ್ಯಾಯವನ್ನೇ ಮೀಸಲಿರಿಸಿ, ಎಲ್ಲವೂ ಕ್ಷಣಿಕ, ಎಲ್ಲವೂ ದುಃಖಮಯ ಎಂಬಿವೇ ಮೊದಲಾಗಿ ಬೌದ್ಧರು ಹೇಳುವ ನಾಲ್ಕು ಭಾವನೆಗಳನ್ನು ವಿವರಿಸುತ್ತಾನೆ. ತಾನು ಒಪ್ಪದ ಮತಕ್ಕೂ ಮೊದಲು ಕಿವಿಗೊಡಬೇಕೆಂಬ ಈ ಸೌಜನ್ಯ ನಮ್ಮ ಹಿರಿಯರು ನಮಗೆ ಬಿಟ್ಟುಹೋದ ಸಂಪತ್ತು.

ದುಃಖದಿಂದಲೇ ಉಪದೇಶವನ್ನು ಆರಂಭಿಸಿದನೆಂಬ ಕಾರಣಕ್ಕೆ ಬುದ್ಧನನ್ನು ನಿರಾಶಾವಾದಿಯೆಂದು ಎಣಿಸುವವರು ಇಂದಿಗೂ ಉಂಟು. ಸಾರನಾಥದ ಮೊದಲ ಉಪದೇಶದಲ್ಲಿ ಅವನು ಎಣಿಸಿ ಹೇಳಿದುದಾದರೂ ಏನು? ಹುಟ್ಟು, ಮುಪ್ಪು, ರೋಗ, ಮರಣ; ಒಲ್ಲದುದರೊಡನೆ ಕೂಡಿರಬೇಕಾಗುವುದು, ಒಲಿದುದನ್ನು ಅಗಲಬೇಕಾಗುವುದು, ಬಯಸಿದುದು ದೊರೆಯದಿರುವುದು. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಮ್ಮ ಯಾವುದೇ ಅಡ್ಡರಸ್ತೆಯಲ್ಲಿ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದರೆ, ಅದಕ್ಕೆ ಹೊರತಾದ ಮನೆ ಒಂದೂ ಸಿಕ್ಕದು. ಜೀವಮಾನವೆಲ್ಲ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ಕಟ್ಟಿಸಿದ ಮನೆಯ ಮೇಲುಮಹಡಿಯನ್ನು ಹತ್ತಲಾರದೆ ಮಂಡಿ ಹಿಡಿದು ಕುಳಿತ ಯಜಮಾನರು. ಪರದೇಶದಲ್ಲಿರುವ ಮಗನ ಮುಖವನ್ನು ಮೊಬೈಲಿನಲ್ಲಿ ನೋಡಿ, ಮಾತು ಮುಗಿದ ಮೇಲೆ ಕಣ್ಣೊರೆಸಿಕೊಳ್ಳುವ ತಾಯಿ. ಊಟ ಮಾಡಿದುದನ್ನು ಮರೆತು ಮತ್ತೆ ಮತ್ತೆ ಊಟ ಕೇಳುವ ಅತ್ತೆಗೆ, ಪ್ರತಿ ಸಲವೂ ಧ್ವನಿ ಏರದಂತೆ ಉತ್ತರ ಹೇಳಲು ಹೆಣಗುವ ಸೊಸೆ. ದುಃಖವನ್ನು ಹೆಸರಿಟ್ಟು ಕರೆದವನು ಅದಕ್ಕೆ ಕಾರಣವುಂಟು, ನಿರೋಧವುಂಟು, ನಿರೋಧಕ್ಕೆ ದಾರಿಯುಂಟು ಎಂದೂ ಒಡನೆಯೇ ಹೇಳಿದನಾದುದರಿಂದ, ಅವನ ಮಾತಿನಲ್ಲಿ ನಿರಾಶೆಗೆ ಎಡೆಯಿಲ್ಲ. ಅಲ್ಲಿರುವುದು ಪ್ರಯತ್ನಕ್ಕೆ ಕರೆ.

ಈ ಕರೆ ಕನ್ನಡ ನೆಲಕ್ಕೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನವು, ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬರೆದ ಪತ್ರದ ರೂಪದಲ್ಲಿದ್ದು, ಮೊದಲು ಅವರ ಆರೋಗ್ಯವನ್ನು ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತದೆ. ಅದರಲ್ಲಿ ಚಕ್ರವರ್ತಿಯು ತನ್ನನ್ನು ಕುರಿತು ಹೇಳಿಕೊಳ್ಳುವ ಮಾತು ಮನನಯೋಗ್ಯವಾದುದು. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾದುವಾದರೂ ಮೊದಲ ಒಂದು ವರ್ಷ ಹೆಚ್ಚಿನ ಪರಿಶ್ರಮ ಮಾಡಲಿಲ್ಲವೆಂದೂ, ಸಂಘದ ಸಮೀಪಕ್ಕೆ ಬಂದ ಮೇಲೆಯೇ ಬಲವಾಗಿ ಶ್ರಮಿಸಿದೆನೆಂದೂ, ಈ ಶ್ರಮದ ಫಲ ದೊಡ್ಡವರಿಗೆ ಮಾತ್ರವಲ್ಲದೆ ಸಣ್ಣವರಿಗೂ ಲಭ್ಯವೆಂದೂ ಅವನು ಬಂಡೆಯ ಮೇಲೆ ಕೊರೆಯಿಸಿದ್ದಾನೆ. ತಂದೆತಾಯಿಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದೃಢವಾದ ದಯೆ, ಸತ್ಯವಚನ, ಆಚಾರ್ಯನಲ್ಲಿ ಗೌರವ ಎಂಬ ವಿಧಿಗಳು ಅನಂತರ ಬರುತ್ತವೆ. ಕೊನೆಯಲ್ಲಿ ಲಿಪಿಕಾರನಾದ ಚಪಡನು, ದೂರದ ವಾಯವ್ಯ ದೇಶದ ಖರೋಷ್ಠೀ ಅಕ್ಷರಗಳನ್ನೂ ಬಳಸಿ ತನ್ನ ಅಂಕಿತವನ್ನು ಹಾಕಿದ್ದಾನೆ. ದಯೆಯು ಹುಟ್ಟಿನಿಂದ ಬರುವ ಮೃದುಸ್ವಭಾವವಲ್ಲ, ಚಕ್ರವರ್ತಿಯೂ ದುಡಿದೇ ಗಳಿಸಬೇಕಾದ ಗುಣ ಎಂಬುದಕ್ಕೆ ಇದಕ್ಕಿಂತ ಸ್ಫುಟವಾದ ಸಾಕ್ಷ್ಯ ಬೇಕಿಲ್ಲ.

ಆ ದುಡಿಮೆ ಎಂತಹುದೆಂಬುದನ್ನು ವಿನಯಪಿಟಕದ ಒಂದು ಪ್ರಸಂಗ ತೋರಿಸಿಕೊಡುತ್ತದೆ. ಅತಿಸಾರದಿಂದ ಬಳಲಿ ತನ್ನ ಮಲಮೂತ್ರಗಳಲ್ಲಿಯೇ ಬಿದ್ದಿದ್ದ ಒಬ್ಬ ಭಿಕ್ಷುವನ್ನು ವಿಹಾರದಲ್ಲಿ ಸುತ್ತುತ್ತಿದ್ದ ಬುದ್ಧನು ಕಂಡನು. ಆ ಭಿಕ್ಷು ಇತರರಿಗೆ ಏನೂ ಉಪಕಾರ ಮಾಡಿರಲಿಲ್ಲವಾದ ಕಾರಣ ಇತರರೂ ಅವನನ್ನು ನೋಡಿಕೊಳ್ಳುತ್ತಿರಲಿಲ್ಲ. ಬುದ್ಧನು ಆನಂದನಿಂದ ನೀರು ತರಿಸಿದನು. ತಾನೇ ನೀರೆರೆದನು, ಆನಂದನು ಮೈ ತೊಳೆದನು. ಒಬ್ಬನು ತಲೆಯ ಕಡೆ, ಮತ್ತೊಬ್ಬನು ಕಾಲಿನ ಕಡೆ ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದರು. ಆ ಬಳಿಕ ಸಂಘವನ್ನು ಸೇರಿಸಿ, ತನ್ನ ಸೇವೆ ಮಾಡಬಯಸುವವರು ರೋಗಿಯ ಸೇವೆ ಮಾಡಲಿ ಎಂದನು. ಉಪಕಾರಕ್ಕೆ ಪ್ರತ್ಯುಪಕಾರ ಲೋಕದ ಲೆಕ್ಕಾಚಾರ. ಆ ಲೆಕ್ಕಾಚಾರ ನಿಂತ ಕಡೆಯಿಂದ ಕರುಣೆಯು ಆರಂಭವಾಗುತ್ತದೆ.

ನಮ್ಮ ನಗರದಲ್ಲಿಯೂ ಈ ಪ್ರಸಂಗದ ಅರ್ಥವನ್ನು ಬಾಳಿ ತೋರಿದವರಿದ್ದರು. ಮಣಿಪುರದ ಇಂಫಾಲದಲ್ಲಿ 1922ರಲ್ಲಿ ಜನಿಸಿ, ಎರಡನೆಯ ಮಹಾಯುದ್ಧದ ಅನಂತರ ಭಿಕ್ಷುದೀಕ್ಷೆಯನ್ನು ಸ್ವೀಕರಿಸಿದ ಆಚಾರ್ಯ ಬುದ್ಧರಕ್ಖಿತರು, 1956ರಲ್ಲಿ ಬೆಂಗಳೂರಿನ ಗಾಂಧಿನಗರದಲ್ಲಿ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದರು. ಬುದ್ಧಪರಿನಿರ್ವಾಣದ 2500ನೆಯ ವರ್ಷವನ್ನು ದೇಶವೆಲ್ಲ ಆಚರಿಸಿದುದೂ, ಡಾ. ಅಂಬೇಡ್ಕರ್ ಅವರು ನಾಗಪುರದಲ್ಲಿ ಬೌದ್ಧಧರ್ಮವನ್ನು ಸ್ವೀಕರಿಸಿದುದೂ ಅದೇ ವರ್ಷ. ಪಾಲಿ ಗ್ರಂಥಗಳ ಅನುವಾದ, ಪ್ರಕಟಣೆ, ಧ್ಯಾನಬೋಧೆಗಳಷ್ಟಕ್ಕೇ ಆಚಾರ್ಯರು ತೃಪ್ತರಾಗಲಿಲ್ಲ. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳ ಚಿಕಿತ್ಸೆಗೆಂದು ಇರುವ ವಿಭಾಗವು ಮಹಾಬೋಧಿಯ ಹೆಸರನ್ನು ಹೊತ್ತಿರುವುದು ಅವರ ಸಂಸ್ಥೆಯ ಸೇವೆಯ ಗುರುತು. ಬೆಂದ ದೇಹದ ನೋವು ನೋಡುವವರ ಕಣ್ಣನ್ನೇ ಹಿಂಜರಿಸುವಂತಹುದು. ಕಣ್ಣು ಹಿಂಜರಿಯುವ ಎಡೆಯಲ್ಲಿ ಕೈ ಮುಂದಾಗಬೇಕೆಂಬ ಪಾಠವನ್ನು ಕಲಿಸಿ, ಆಚಾರ್ಯರು 2013ರಲ್ಲಿ ಕಾಲವಶರಾದರು.

ಹಾಗಾದರೆ ಸಂಸ್ಥೆ ಕಟ್ಟಲಾರದ ಗೃಹಸ್ಥರು ಮಾಡಬೇಕಾದುದೇನು? ಐದನೆಯ ಶತಮಾನದ ಬುದ್ಧಘೋಷನು ತನ್ನ ‘ವಿಸುದ್ಧಿಮಗ್ಗ’ದಲ್ಲಿ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳನ್ನು ಬೆಳೆಸಿಕೊಳ್ಳುವ ಬಗೆಯನ್ನು ಸವಿಸ್ತಾರವಾಗಿ ಹೇಳುತ್ತ, ಮೈತ್ರಿಯನ್ನು ಮೊದಲು ತನ್ನಲ್ಲಿ, ಅನಂತರ ಪ್ರಿಯನಲ್ಲಿ, ಆಮೇಲೆ ಪ್ರಿಯನೂ ಅಪ್ರಿಯನೂ ಅಲ್ಲದ ಮಧ್ಯಸ್ಥನಲ್ಲಿ, ಕಡೆಗೆ ವೈರಿಯಲ್ಲಿ ನೆಲೆಗೊಳಿಸಬೇಕೆನ್ನುತ್ತಾನೆ. ಕರುಣೆಗೆ ದೂರದ ಶತ್ರು ಕ್ರೌರ್ಯ, ಹತ್ತಿರದ ಶತ್ರು ಶೋಕ ಎಂಬ ಅವನ ವಿವೇಚನೆ ಬಹು ಸೂಕ್ಷ್ಮವಾದುದು: ಕಂಡವರ ಕಷ್ಟಕ್ಕೆ ಅತ್ತು ಕುಸಿಯುವವನು ತಾನು ಕರುಣಾಳುವೆಂದು ಭಾವಿಸುತ್ತಾನೆ, ಆದರೆ ಕಷ್ಟದಲ್ಲಿರುವವನಿಗೆ ಅದರಿಂದ ಒದಗುವುದೇನೂ ಇಲ್ಲ.

ಈ ಕ್ರಮದಲ್ಲಿ ನಗರವಾಸಿಗಳಿಗೆ ಅತಿ ಕಠಿನವಾದುದು ವೈರಿಯಲ್ಲ, ಮಧ್ಯಸ್ಥ. ವೈರಿಯನ್ನಾದರೂ ನಾವು ನೆನೆಯುತ್ತೇವೆ. ಬೆಳಗ್ಗೆ ಕಸದ ಗಾಡಿಯೊಡನೆ ಬರುವ ಪೌರಕಾರ್ಮಿಕಳು, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿಯಿಡೀ ಕುಳಿತ ಸೆಕ್ಯುರಿಟಿಯವನು ನಮ್ಮ ಮನಸ್ಸನ್ನು ಪ್ರವೇಶಿಸುವುದೇ ಇಲ್ಲ. ಒಡೆದ ಗಾಜಿನ ಲೋಟವನ್ನು ತರಕಾರಿ ಸಿಪ್ಪೆಯೊಳಗೆ ಸೇರಿಸಿ ಬಕೆಟ್ಟಿಗೆ ಸುರಿದವರು ಕ್ರೂರಿಗಳೇನೂ ಅಲ್ಲ. ಆ ಕಸವನ್ನು ಬೇರ್ಪಡಿಸುವ ಕೈಯನ್ನು ಅವರು ನೆನೆಯಲಿಲ್ಲ, ಅಷ್ಟೆ. ಚೂರುಗಳನ್ನು ಹಳೆಯ ಪತ್ರಿಕೆಯಲ್ಲಿ ದಪ್ಪನಾಗಿ ಸುತ್ತಿ, ಬೇರೆ ಇಟ್ಟು, ‘ಗಾಜಿದೆ, ಜೋಪಾನವಮ್ಮ’ ಎಂದು ಹೇಳಿ ಕೊಡಲು ಹಿಡಿಯುವ ಹೊತ್ತು ಎರಡು ನಿಮಿಷ. ಈ ಎರಡು ನಿಮಿಷವನ್ನು ದಿನದಿನವೂ ತಪ್ಪದೆ ಕೊಡುವ ಮನಸ್ಸನ್ನು ರೂಢಿಸಿಕೊಳ್ಳುವುದು ಗೃಹಸ್ಥನ ಕುಶಲಸಾಧನೆ; ಧ್ಯಾನದ ಆಸನದಿಂದ ಎದ್ದ ಮೇಲೆ ಇದು ನಡೆಯದಿದ್ದರೆ ಆ ಧ್ಯಾನ ಇನ್ನೂ ಅಪೂರ್ಣವೆಂದೇ ತಿಳಿಯಬೇಕು.

ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಬುದ್ಧಪೂರ್ಣಿಮೆಗಾಗಿ ಕಾಯಬೇಕಾದುದಿಲ್ಲ. ನಿಮ್ಮ ಬೀದಿಯಲ್ಲಿ ನಿಮಗಾಗಿ ದುಡಿಯುತ್ತಿದ್ದರೂ ನಿಮಗೆ ಹೆಸರು ತಿಳಿಯದ ಒಬ್ಬರನ್ನು ಆರಿಸಿಕೊಳ್ಳಿ; ಹೆಸರು ಕೇಳಿ, ಆರೋಗ್ಯ ವಿಚಾರಿಸಿ, ಅವರ ಕೆಲಸವನ್ನು ಹಗುರಗೊಳಿಸುವ ಒಂದು ಅಭ್ಯಾಸವನ್ನು ಮನೆಯವರೆಲ್ಲರೂ ಕೂಡಿ ಕೈಗೊಳ್ಳಿ, ಅದನ್ನು ಒಂದು ವರ್ಷ ಬಿಡದೆ ನಡೆಸಿ. ಸಣ್ಣವರಿಗೂ ಸಾಧ್ಯವೆಂದು ಬ್ರಹ್ಮಗಿರಿಯ ಬಂಡೆ ಹೇಳುವುದು ಈ ಪರಿಶ್ರಮವನ್ನೇ.